ಗಂಧದ ಕೊರಡೂ ಬೀವರಿನ ತೊಗಲೂ

ಮೈಸೂರಿನಿಂದ ದಕ್ಷಿಣಕ್ಕೆ ಹೊರಟ ರೈಲುಗಾಡಿಯು ಕಡಕೊಳವನ್ನು ದಾಟಿ, ತಾಂಡವಪುರದ ಬಯಲನ್ನು ಹಾದು, ಕಪಿಲಾ ನದಿಯ ಆಚೆಯ ನಂಜನಗೂಡನ್ನು ಸೇರುತ್ತದೆ. ಈ ಹಳಿಗಳು ನಂಜನಗೂಡನ್ನು ಮುಟ್ಟಿದ್ದು 1891ರಲ್ಲಿ. ಆದರೆ ದಾರಿಯು ಅದಕ್ಕಿಂತ ಎಷ್ಟೋ ಹಳೆಯದು. 1735ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯನು ಕಪಿಲೆಗೆ ಕಟ್ಟಿಸಿದ ಕಲ್ಲಿನ ಸೇತುವೆ ಇಂದಿಗೂ ಅಲ್ಲಿ ನಿಂತಿದೆ. ಇದೇ ದಾರಿಯಲ್ಲಿ ಮುಂದೆ ನಡೆದರೆ ಗುಂಡ್ಲುಪೇಟೆ. ಅಲ್ಲಿಂದ ಕಾಡು, ಕಾಡಿನ ಆಚೆಗೆ ಘಟ್ಟ, ಘಟ್ಟದ ಕೆಳಗೆ ಮಲಬಾರಿನ ಕಡಲು. ಬಯಲುಸೀಮೆಯ ದವಸ, ಕಡಲ ತೀರದ ಉಪ್ಪು, ಕಾಡಿನ ಜೇನು, ಮೇಣ, ಮರ ಇವೆಲ್ಲವೂ ಎತ್ತಿನ ಬೆನ್ನ ಮೇಲೆ ಹೇರಾಗಿ ಓಡಾಡಿದ ಸೀಮೆ ಇದು.

ನಂಜನಗೂಡಿನ ಶ್ರೀಕಂಠೇಶ್ವರನ ಗುಡಿಯಲ್ಲಿ ದರ್ಶನ ಪಡೆದು ಹೊರಬರುವ ಭಕ್ತರ ಹಣೆಯಲ್ಲಿ ಗಂಧ ಇರುತ್ತದೆ. ಸಾಣೆಕಲ್ಲಿನ ಮೇಲೆ ನೀರು ಚಿಮುಕಿಸಿ, ಕೊರಡನ್ನು ತೇಯ್ದು, ಬೆರಳ ತುದಿಯಿಂದ ತೆಗೆದ ಗಂಧ ಅದು. ಮದುವೆಯ ಮನೆಯಲ್ಲಿ ಬಂದವರನ್ನು ಎದುರುಗೊಳ್ಳುವುದಕ್ಕೂ ಗಂಧ ಬೇಕು. ಬಾಳು ಮುಗಿದವರ ಚಿತೆಗೆ ಕೊನೆಯ ಗೌರವವಾಗಿ ಇಡುವುದಕ್ಕೂ ಗಂಧದ ಒಂದು ಚಕ್ಕೆ ಬೇಕು. ಇಷ್ಟು ಪವಿತ್ರವೂ ಇಷ್ಟು ಆಪ್ತವೂ ಆದ ಈ ಕೊರಡಿಗೆ ಇನ್ನೊಂದು ಚರಿತ್ರೆ ಇದೆ. ಅದು ಪೂಜೆಯ ಚರಿತ್ರೆಯಲ್ಲ, ವ್ಯಾಪಾರದ ಚರಿತ್ರೆ. ಅದನ್ನು ಬಲ್ಲವರು ಕಡಮೆ.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಚೀನಾ ದೇಶದ ಕ್ಯಾಂಟನ್ ಬಂದರಿನ ಉಗ್ರಾಣಗಳನ್ನು ಯಾರಾದರೂ ಹೊಕ್ಕು ನೋಡಿದ್ದರೆ, ಒಂದು ಕಡೆ ಮೈಸೂರು ಸೀಮೆಯ ಗಂಧದ ಕೊರಡುಗಳ ರಾಶಿಯೂ ಇನ್ನೊಂದು ಕಡೆ ಉತ್ತರ ಅಮೆರಿಕದ ಕಾಡು ಕಡಲುಗಳಿಂದ ಬಂದ ತುಪ್ಪುಳುದೊಗಲಿನ ಕಟ್ಟುಗಳೂ ಕಾಣುತ್ತಿದ್ದವು. ಭೂಮಿಯ ಎರಡು ತುದಿಗಳಿಂದ ಹೊರಟ ಎರಡು ಸರಕುಗಳು ಒಂದೇ ಅಂಗಡಿಯಲ್ಲಿ ಕೂಡಿದ್ದವು. ಎರಡನ್ನೂ ಬೆಳೆಸಿದ್ದು ಕಾಡು. ಎರಡನ್ನೂ ಸಾಗಿಸಿದ್ದು ದೂರದ ರಾಜರಿಂದ ಸನ್ನದು ಪಡೆದ ವರ್ತಕರ ಕಂಪನಿಗಳು ಮತ್ತು ಅವುಗಳ ಪ್ರತಿಸ್ಪರ್ಧಿಗಳು. ಒಂದರ ಕಥೆಯನ್ನು ಪಕ್ಕದಲ್ಲಿರಿಸಿಕೊಂಡು ಓದಿದರೆ ಇನ್ನೊಂದು ಹೆಚ್ಚು ಸ್ಪಷ್ಟವಾಗುತ್ತದೆ.

ಮೊದಲು ಗಂಧದ ಮರವನ್ನೇ ನೋಡಬಹುದು. ಅದು ದೊಡ್ಡ ಮರವಲ್ಲ. ನೋಟಕ್ಕೆ ಚೆಲುವಾದುದೂ ಅಲ್ಲ. ಮಳೆ ಧಾರಾಳವಾಗಿ ಸುರಿಯುವ ದಟ್ಟ ಮಲೆನಾಡಿಗಿಂತ ಕಾಡಿನ ಅಂಚಿನ ಒಣ ನೆಲ, ಹೊಲದ ಬದು, ಮುಳ್ಳುಪೊದೆಗಳ ನಡುವಿನ ಕಲ್ಲುಭೂಮಿ ಇವೇ ಅದಕ್ಕೆ ಇಷ್ಟ. ಹೆಗ್ಗಡದೇವನಕೋಟೆ, ಹುಣಸೂರು, ಚಾಮರಾಜನಗರದ ಸೀಮೆಗಳಲ್ಲಿ ಅದು ತಾನಾಗಿ ಬೆಳೆಯುತ್ತಿತ್ತು. ಅದರ ಕಪ್ಪು ಹಣ್ಣನ್ನು ಹಕ್ಕಿಗಳು ತಿಂದು ಬೀಜವನ್ನು ಪೊದೆಗಳ ಕೆಳಗೆ ಬೀಳಿಸುತ್ತವೆ. ಹೀಗೆ ಬಿತ್ತುವವನು ಹಕ್ಕಿ, ಕಾಯುವುದು ಮುಳ್ಳು. ಮೊಳೆತ ಸಸಿಯು ತನ್ನ ಬೇರನ್ನು ನೆರೆಯ ಗಿಡದ ಬೇರಿಗೆ ಅಂಟಿಸಿ ಅದರಿಂದ ಸ್ವಲ್ಪ ಆಹಾರವನ್ನು ಹೀರುತ್ತದೆ. ಎಲೆ ಹಸುರಾಗಿದ್ದು ತಾನೂ ಅಡುಗೆ ಮಾಡಿಕೊಳ್ಳಬಲ್ಲ ಮರವೇ ಆದರೂ, ನೆರೆಮನೆಯ ಸಹಾಯವಿಲ್ಲದೆ ಅದು ಏಳಿಗೆ ಹೊಂದದು. ಒಂಟಿಯಾಗಿ ನೆಟ್ಟ ಗಂಧದ ಸಸಿ ಸೊರಗುತ್ತದೆ ಎಂಬುದನ್ನು ತಿಳಿಯದೆ ಅದನ್ನು ಬೆಳೆಸಹೋಗಿ ಸೋತವರು ಬಹಳ.

ಮರದ ಎಲ್ಲ ಭಾಗವೂ ಸುವಾಸನೆಯುಳ್ಳದ್ದಲ್ಲ. ಹೊರಗಿನ ಬಿಳಿಯ ಭಾಗಕ್ಕೆ ವಾಸನೆ ಇಲ್ಲ. ನಡುವಿನ ಚೇಗು ಮಾತ್ರ ಗಂಧ. ಆ ಚೇಗು ಚೆನ್ನಾಗಿ ಬಲಿಯಲು ಮೂವತ್ತು ವರ್ಷಗಳಾದರೂ ಬೇಕು. ಬೇರಿನಲ್ಲಿಯೂ ಎಣ್ಣೆ ತುಂಬಿರುವುದರಿಂದ ಮರವನ್ನು ಕಡಿಯುವುದಿಲ್ಲ, ಬುಡಸಹಿತ ಅಗೆದು ಕೀಳುತ್ತಾರೆ. ಅಂದರೆ, ತಂದೆಯ ಕಾಲದಲ್ಲಿ ಮೊಳೆತದ್ದು ಮಗನ ಕಾಲದಲ್ಲಿ ಒಂದೇ ದಿನ ಬೇರಿನೊಡನೆ ಹೊರಟುಹೋಗುತ್ತದೆ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿ ಇರಿಸಿಕೊಂಡರೆ ಮುಂದಿನ ಚರಿತ್ರೆಯೆಲ್ಲ ಅರ್ಥವಾಗುತ್ತದೆ.

ಶ್ರೀರಂಗಪಟ್ಟಣವು 1799ರಲ್ಲಿ ಬಿದ್ದ ಮರುವರ್ಷ, ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನು ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿ, ಕಂಡದ್ದನ್ನೆಲ್ಲ ಬರೆದಿಟ್ಟನು. ಅವನ ಗ್ರಂಥವು 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಗಂಧದ ಮರವನ್ನು ಹದಗೊಳಿಸುವ ಕ್ರಮವನ್ನು ಅವನು ವಿವರಿಸಿದ್ದಾನೆ. ಕೃಷ್ಣಪಕ್ಷದಲ್ಲಿ ಮರವನ್ನು ಉರುಳಿಸಬೇಕು. ಕೂಡಲೆ ತೊಗಟೆಯನ್ನು ಸುಲಿದು, ಎರಡಡಿ ಉದ್ದದ ತುಂಡುಗಳನ್ನಾಗಿ ಕತ್ತರಿಸಿ, ಒಣನೆಲದಲ್ಲಿ ಎರಡು ತಿಂಗಳು ಹೂಳಬೇಕು. ಆಗ ಗೆದ್ದಲುಗಳು ಬಂದು ಹೊರಗಿನ ಬಿಳಿಯ ಭಾಗವನ್ನೆಲ್ಲ ತಿಂದುಬಿಡುತ್ತವೆ. ಚೇಗನ್ನು ಮಾತ್ರ ಮುಟ್ಟುವುದಿಲ್ಲ. ಬಡಗಿಯ ಉಳಿಗೂ ಇಷ್ಟು ಅಚ್ಚುಕಟ್ಟು ಸಾಧ್ಯವಿಲ್ಲ. ಎಲ್ಲೆಡೆಯೂ ಮರಕ್ಕೆ ಹಗೆಯಾದ ಗೆದ್ದಲು ಇಲ್ಲಿ ಕೂಲಿ ಕೇಳದ ಕೆಲಸಗಾರನಾಗಿತ್ತು! ಹೀಗೆ ಹದವಾದ ಕೊರಡುಗಳನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸುತ್ತಿದ್ದರು. ದಪ್ಪನೆಯ ಕೊರಡುಗಳು ಚೀನಾಕ್ಕೆ. ನಡುಗಾತ್ರದವು ನಮ್ಮ ದೇಶದ ಬಳಕೆಗೆ. ಬೇರು, ಚಕ್ಕೆ, ಸಣ್ಣ ಚೂರುಗಳು ಅರಬ್ಬರ ಪೇಟೆಗೆ.

ಇನ್ನು ತೊಗಲಿನ ಕಥೆ. ಬೀವರ್ ಎಂಬುದು ಉತ್ತರದ ಚಳಿನಾಡುಗಳ ಹೊಳೆ ಕೆರೆಗಳಲ್ಲಿ ವಾಸಿಸುವ, ಇಲಿಯ ಬಳಗಕ್ಕೆ ಸೇರಿದ ಪ್ರಾಣಿ. ತನ್ನ ಹಲ್ಲಿನಿಂದ ಮರಗಳನ್ನು ಕಡಿದುರುಳಿಸಿ, ಕೊಂಬೆ ಕೆಸರುಗಳಿಂದ ಹೊಳೆಗೆ ಒಡ್ಡು ಹಾಕಿ, ತಾನೇ ಕಟ್ಟಿದ ಕೆರೆಯ ನಡುವೆ ಮನೆ ಮಾಡಿಕೊಳ್ಳುವ ಈ ಪ್ರಾಣಿಯನ್ನು ಇಂಜಿನಿಯರ್ ಎಂದು ಕರೆದರೆ ತಪ್ಪಿಲ್ಲ. ಅದರ ಮೈಮೇಲೆ ಎರಡು ಬಗೆಯ ಕೂದಲು: ಹೊರಗೆ ಒರಟು, ಒಳಗೆ ಬಲು ಮೃದುವಾದ ತುಪ್ಪುಳು. ಆ ಒಳದುಪ್ಪುಳನ್ನು ನೇಯದೆಯೇ, ಬಿಸಿಯಲ್ಲಿ ಒತ್ತಿ ಒತ್ತಿ, ಮಳೆಗೆ ಜಗ್ಗದ ಗಟ್ಟಿಯಾದ ಬಟ್ಟೆಯನ್ನಾಗಿ ಮಾಡಬಹುದು. ಯೂರೋಪಿನ ಸಿರಿವಂತರು ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಅದರಿಂದಾದ ಟೊಪ್ಪಿಗೆಗಳನ್ನು ಧರಿಸಿದರು. ಟೊಪ್ಪಿಗೆಯ ಆಕಾರದಿಂದಲೇ ಅವನು ಸೈನಿಕನೋ ಪಾದ್ರಿಯೋ ವರ್ತಕನೋ ಎಂಬುದನ್ನು ತಿಳಿಯಬಹುದಾಗಿದ್ದ ಕಾಲ ಅದು. ತುಪ್ಪುಳನ್ನು ಹದಮಾಡಲು ಪಾದರಸದ ಲವಣವನ್ನು ಬಳಸುತ್ತಿದ್ದುದರಿಂದ ಟೊಪ್ಪಿಗೆ ಮಾಡುವ ಕೆಲಸಗಾರರು ನರಗಳ ಬೇನೆಗೆ ತುತ್ತಾಗಿ ನಡುಗುತ್ತಿದ್ದರು. ಬೆಡಗಿನ ಬೆಲೆಯನ್ನು ತೆತ್ತವರಲ್ಲಿ ಇವರೂ ಸೇರಿದ್ದಾರೆ.

ಯೂರೋಪಿನ ಬೀವರುಗಳು ಈ ಹುಚ್ಚಿಗೆ ಮೊದಲು ಬಲಿಯಾದವು. ಅಲ್ಲಿ ಅವು ವಿರಳವಾದಾಗ ವರ್ತಕರ ಕಣ್ಣು ಅಟ್ಲಾಂಟಿಕ್ ಸಾಗರದ ಆಚೆಗೆ ಹೋಯಿತು. 1608ರಲ್ಲಿ ಫ್ರೆಂಚರ ಶಾಂಪ್ಲೇನನು ಕ್ವಿಬೆಕ್ ನಗರವನ್ನು ಸ್ಥಾಪಿಸಿದನು. ಅಲ್ಲಿಯ ಮೂಲನಿವಾಸಿಗಳು ಬೀವರ್ ತೊಗಲಿನ ಹೊದಿಕೆಯನ್ನು ಚಳಿಗಾಲದಲ್ಲಿ ಮೈಗೆ ಸುತ್ತಿಕೊಳ್ಳುತ್ತಿದ್ದರು. ಒಂದೆರಡು ವರ್ಷ ಹಾಗೆ ತೊಟ್ಟ ತೊಗಲಿನಿಂದ ಒರಟು ಕೂದಲು ತಾನಾಗಿ ಉದುರಿ ಒಳಗಿನ ಮೃದುವಾದ ತುಪ್ಪುಳು ಮಾತ್ರ ಉಳಿಯುತ್ತಿತ್ತು. ಯೂರೋಪಿನ ವರ್ತಕರಿಗೆ ಬೇಕಾದುದೂ ಅದೇ. ಹೊಸ ತೊಗಲಿಗಿಂತ ಈ ಹಳೆಯ ಹೊದಿಕೆಗೇ ಅವರು ಹೆಚ್ಚು ಬೆಲೆ ಕೊಡುತ್ತಿದ್ದರು. ತಾವು ತೊಟ್ಟು ಸವೆಸಿದ ಅರಿವೆಯನ್ನು ಕೊಂಡು, ಅದಕ್ಕೆ ಬದಲಾಗಿ ಕಬ್ಬಿಣದ ಕೊಡಲಿಯನ್ನೂ ತಾಮ್ರದ ಪಾತ್ರೆಯನ್ನೂ ಕೊಡುವ ಈ ಪರದೇಶಿಗಳ ಬುದ್ಧಿಯನ್ನು ಕಂಡು ಅವರು ಬೆರಗಾಗಿರಲೂಬಹುದು. ಮೈಸೂರಿನ ಒಣನೆಲದಲ್ಲಿ ಗೆದ್ದಲು ಮಾಡಿದ ಕೆಲಸವನ್ನು ಅಲ್ಲಿ ಮನುಷ್ಯನ ಬೆನ್ನು ಮಾಡುತ್ತಿತ್ತು.

ರಾಡಿಸನ್ ಮತ್ತು ಗ್ರೊಸೆಯೆ ಎಂಬ ಇಬ್ಬರು ಫ್ರೆಂಚ್ ವರ್ತಕರು 1660ರಲ್ಲಿ ಒಳನಾಡಿನಿಂದ ಅಪಾರವಾದ ತೊಗಲನ್ನು ತಂದರು. ಅಪ್ಪಣೆಯಿಲ್ಲದೆ ವ್ಯಾಪಾರ ಮಾಡಿದರೆಂದು ಅವರ ಸರ್ಕಾರವೇ ಅವರಿಗೆ ದಂಡ ವಿಧಿಸಿತು. ಸಿಟ್ಟಾದ ಅವರು ಇಂಗ್ಲೆಂಡಿಗೆ ಹೋಗಿ, ಉತ್ತರದ ಹಡ್ಸನ್ ಕೊಲ್ಲಿಯ ಮೂಲಕ ಹಡಗಿನಲ್ಲಿಯೇ ತೊಗಲಿನ ನಾಡನ್ನು ತಲುಪಬಹುದೆಂದು ತಿಳಿಸಿದರು. 1668ರಲ್ಲಿ 'ನಾನ್‌ಸಚ್' ಎಂಬ ಪುಟ್ಟ ಹಡಗು ಹೊರಟು, ಕೊಲ್ಲಿಯ ದಡದಲ್ಲಿ ಚಳಿಗಾಲವನ್ನು ಕಳೆದು, 1669ರಲ್ಲಿ ತೊಗಲಿನೊಡನೆ ಲಂಡನ್ನಿಗೆ ಮರಳಿತು. 1670ರ ಮೇ 2ರಂದು ಎರಡನೆಯ ಚಾರಲ್ಸ್ ದೊರೆಯು ಹಡ್ಸನ್ ಬೇ ಕಂಪನಿಗೆ ಸನ್ನದನ್ನು ನೀಡಿದನು. ಆ ಕೊಲ್ಲಿಗೆ ಹರಿಯುವ ಎಲ್ಲ ನದಿಗಳ ಸೀಮೆಯೂ ಕಂಪನಿಯದೇ ಎಂದು ಅದರಲ್ಲಿ ಬರೆದಿತ್ತು. ಆ ನದಿಗಳು ಎಲ್ಲಿ ಹುಟ್ಟುತ್ತವೆ, ಆ ಸೀಮೆ ಎಷ್ಟು ದೊಡ್ಡದು ಎಂಬುದು ಕೊಟ್ಟವನಿಗೂ ತಿಳಿದಿರಲಿಲ್ಲ, ಪಡೆದವರಿಗೂ ತಿಳಿದಿರಲಿಲ್ಲ. ಈಗಿನ ಲೆಕ್ಕದಲ್ಲಿ ಅದು ಸುಮಾರು 39 ಲಕ್ಷ ಚದರ ಕಿಲೋಮೀಟರು. ಇಡೀ ಭಾರತಕ್ಕಿಂತ ದೊಡ್ಡದು. ಅಲ್ಲಿ ಸಾವಿರಾರು ವರ್ಷಗಳಿಂದ ವಾಸಿಸುತ್ತಿದ್ದ ಕ್ರೀ ಮೊದಲಾದ ಜನಾಂಗಗಳನ್ನು ಯಾರೂ ಕೇಳಲಿಲ್ಲ.

ಇದೇ ಚಾರಲ್ಸ್ ದೊರೆಯು ಇದೇ 1668ರಲ್ಲಿ, ತನಗೆ ಮದುವೆಯ ಬಳುವಳಿಯಾಗಿ ಪೋರ್ಚುಗೀಸರಿಂದ ಬಂದಿದ್ದ ಬೊಂಬಾಯಿಯನ್ನು ವರ್ಷಕ್ಕೆ ಹತ್ತು ಪೌಂಡು ಗೇಣಿಗೆ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಹಡ್ಸನ್ ಬೇ ಕಂಪನಿಯ ಗೇಣಿ ಇನ್ನೂ ವಿಚಿತ್ರ. ಇಂಗ್ಲೆಂಡಿನ ರಾಜರು ಆ ಸೀಮೆಗೆ ಕಾಲಿಟ್ಟಾಗಲೆಲ್ಲ ಎರಡು ಕಡವೆಗಳನ್ನೂ ಎರಡು ಕರಿಯ ಬೀವರುಗಳನ್ನೂ ಒಪ್ಪಿಸಬೇಕೆಂದು ಕರಾರು. 1939ರಲ್ಲಿ ಆರನೆಯ ಜಾರ್ಜ್ ದೊರೆ ಅಲ್ಲಿಗೆ ಹೋದಾಗ ಕಂಪನಿಯವರು ಮರೆಯದೆ ಅದನ್ನು ಸಲ್ಲಿಸಿದರು. ಒಬ್ಬನೇ ದೊರೆಯ ಲೇಖನಿಯಿಂದ ಎರಡು ಭೂಖಂಡಗಳ ಭವಿಷ್ಯವು ಇಷ್ಟು ಅಗ್ಗವಾಗಿ ಬರೆಯಲ್ಪಟ್ಟಿತು.

ನಮ್ಮ ಕರಾವಳಿಯಲ್ಲಿ ಈ ಕಂಪನಿಗಳ ಕಥೆ ಬೇರೆ ರೀತಿಯದು. 1638ರಲ್ಲಿಯೇ ಕಾರವಾರದಲ್ಲಿ ಇಂಗ್ಲಿಷ್ ವರ್ತಕರ ಕೋಠಿ ಹುಟ್ಟಿಕೊಂಡಿತ್ತು. ಮುಂದೆ ಅದು ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. ಘಟ್ಟದ ಮೇಲಿನ ಮೆಣಸು, ಏಲಕ್ಕಿ, ಹುಬ್ಬಳ್ಳಿಯ ಕಡೆಯ ನಯವಾದ ಬಟ್ಟೆ ಅಲ್ಲಿ ಹಡಗನ್ನೇರುತ್ತಿದ್ದವು. ಆದರೆ ಇಲ್ಲಿ ಖಾಲಿ ಕಾಗದದ ಮೇಲೆ ನಾಡನ್ನು ಬರೆದುಕೊಡಲು ಯಾರಿಗೂ ಸಾಧ್ಯವಿರಲಿಲ್ಲ. ಇಲ್ಲಿ ರಾಜರಿದ್ದರು, ಸುಂಕದ ಕಟ್ಟೆಗಳಿದ್ದವು, ಕಂಪನಿಗಿಂತ ಹಣವಂತರಾದ ಸೆಟ್ಟರಿದ್ದರು. 1684ರಲ್ಲಿ ಒಂದು ಸಣ್ಣ ಹಡಗಿನ ನಾವಿಕರು ಹಸುವನ್ನು ಕದ್ದು ಕೊಂದರೆಂಬ ಕಾರಣದಿಂದ ಕಾರವಾರದ ಇಂಗ್ಲಿಷರೆಲ್ಲರೂ ಊರು ಬಿಟ್ಟೋಡುವ ಹಂತಕ್ಕೆ ಬಂದಿದ್ದರು. ವ್ಯಾಪಾರಿಯು ಅತಿಥಿಯಾಗಿ ಬಾಗಿ ನಡೆಯಬೇಕಾದ ಕಾಲ ಇಲ್ಲಿ ಇನ್ನೂ ನೂರು ವರ್ಷ ಉಳಿಯಿತು.

ಹಡ್ಸನ್ ಕೊಲ್ಲಿಯ ದಡದಲ್ಲಿಯೂ ಆರಂಭದಲ್ಲಿ ಕಂಪನಿಯವರು ಅತಿಥಿಗಳೇ. ಅವರು ನದೀಮುಖದ ಮರದ ಕೋಟೆಗಳಲ್ಲಿ ಕುಳಿತು ಕಾಯುತ್ತಿದ್ದರು. ಬೇಟೆಯಾಡುವುದು, ತೊಗಲು ಹದಮಾಡುವುದು, ನೂರಾರು ಮೈಲಿ ದೋಣಿಯಲ್ಲಿ ತರುವುದು ಎಲ್ಲವೂ ಮೂಲನಿವಾಸಿಗಳ ಕೆಲಸ. ಅಲ್ಲಿ ನಾಣ್ಯವಿರಲಿಲ್ಲ. ಚೆನ್ನಾಗಿ ಹದಮಾಡಿದ ಒಂದು ಬೀವರ್ ತೊಗಲೇ ನಾಣ್ಯ. ಬಂದೂಕಿಗೆ ಇಷ್ಟು ಬೀವರ್, ಕಂಬಳಿಗೆ ಇಷ್ಟು, ಪಾತ್ರೆಗೆ ಇಷ್ಟು ಎಂದು ದರಪಟ್ಟಿ ಇರುತ್ತಿತ್ತು. ಗಾಜಿನ ಮಣಿಗಳಿಗೆ ಮೋಸಹೋದ ಮುಗ್ಧರು ಎಂದು ಆ ಜನರನ್ನು ಚಿತ್ರಿಸುವ ರೂಢಿಯೊಂದುಂಟು, ಅದು ಸರಿಯಲ್ಲ. ಕ್ರೀ ವರ್ತಕರು ಬಂದೂಕಿನ ನಳಿಗೆಯನ್ನು ಪರೀಕ್ಷಿಸುತ್ತಿದ್ದರು, ಕಂಬಳಿಯನ್ನು ಎಳೆದು ನೋಡುತ್ತಿದ್ದರು, ದರ ಹಿಡಿಸದಿದ್ದರೆ ಫ್ರೆಂಚರ ಬಳಿಗೆ ಹೋಗುತ್ತಿದ್ದರು. ಅವರನ್ನು ಸೋಲಿಸಿದ್ದು ದಡ್ಡತನವಲ್ಲ. ವ್ಯಾಪಾರದ ದಾರಿಯಲ್ಲಿಯೇ ಬಂದ ಸಿಡುಬು, ಸಾರಾಯಿ, ಬಂದೂಕಿಲ್ಲದೆ ಬದುಕಲಾಗದ ಅವಲಂಬನೆ ಇವು ಅವರ ಬೆನ್ನು ಮುರಿದವು. 1781-82ರ ಸಿಡುಬಿನಲ್ಲಿ ಕೊಲ್ಲಿಯ ಪಶ್ಚಿಮದ ಜನಾಂಗಗಳ ಬೀಡುಗಳು ಬೀಡುಗಳೇ ಬರಿದಾದವು.

ಈ ನಡುವೆ ಮಾಂಟ್ರಿಯಲ್ ನಗರದ ವರ್ತಕರು ನಾರ್ತ್ ವೆಸ್ಟ್ ಕಂಪನಿಯನ್ನು ಕಟ್ಟಿದರು. ಇವರು ದಡದಲ್ಲಿ ಕಾಯದೆ, ಮರದ ತೊಗಟೆಯ ದೋಣಿಗಳಲ್ಲಿ ಒಳನಾಡಿಗೇ ನುಗ್ಗಿದರು. ಇವರ ಪಾಲುದಾರನಾದ ಅಲೆಗ್ಸಾಂಡರ್ ಮೆಕೆಂಜಿಯು 1793ರಲ್ಲಿ ಪೆಸಿಫಿಕ್ ಸಾಗರವನ್ನೇ ಮುಟ್ಟಿದನು. ಎರಡು ಕಂಪನಿಗಳ ಸ್ಪರ್ಧೆಯು ರಕ್ತಪಾತಕ್ಕೆ ತಿರುಗಿ, ಕೊನೆಗೆ 1821ರಲ್ಲಿ ಎರಡೂ ಒಂದಾದವು. ಆಗ ನಡೆದುದನ್ನು ಗಮನಿಸಬೇಕು. ಪ್ರತಿಸ್ಪರ್ಧಿಯಿಲ್ಲದ ಸೀಮೆಗಳಲ್ಲಿ ಹಡ್ಸನ್ ಬೇ ಕಂಪನಿಯು ಬೀವರುಗಳ ಸಂತತಿ ಉಳಿಯಲೆಂದು ಬೇಟೆಗೆ ಮಿತಿ ಹಾಕಿತು. ಆದರೆ ದಕ್ಷಿಣದ ಸ್ನೇಕ್ ನದಿಯ ಸೀಮೆಗೆ ಅಮೆರಿಕನ್ನರು ಬರುವ ಸೂಚನೆ ಕಂಡಾಗ, ಅಲ್ಲಿಯ ಬೀವರುಗಳನ್ನು ಒಂದೂ ಉಳಿಯದಂತೆ ಹಿಡಿಯಲು ಅದೇ ಕಂಪನಿಯ ಜಾರ್ಜ್ ಸಿಂಪ್ಸನ್ ಆಜ್ಞೆಮಾಡಿದನು. ಬೀವರ್ ಇಲ್ಲದ ಮರುಭೂಮಿಯನ್ನು ದಾಟಿ ಅಮೆರಿಕನ್ನರು ಬರಲಾರರೆಂಬುದು ಅವನ ಲೆಕ್ಕ. ಅದೇ ಕೈ ಒಂದು ಕಡೆ ರಕ್ಷಿಸಿತು, ಇನ್ನೊಂದು ಕಡೆ ನಿರ್ನಾಮಮಾಡಿತು. ಲೆಕ್ಕದ ಪುಸ್ತಕಕ್ಕೆ ಎರಡೂ ಒಂದೇ.

ಮೈಸೂರಿನಲ್ಲಿ ಇಂಥ ಲೆಕ್ಕವನ್ನು ಚೆನ್ನಾಗಿ ಅರಿತಿದ್ದವನು ಟಿಪ್ಪು ಸುಲ್ತಾನ್. ಮೆಣಸು, ಏಲಕ್ಕಿ, ಶ್ರೀಗಂಧ ಈ ಮೂರು ಸರಕುಗಳಿಗಾಗಿಯೇ ಇಂಗ್ಲಿಷರು ಮಲಬಾರಿನ ತೀರದಲ್ಲಿ ಕಾದು ಕುಳಿತಿದ್ದಾರೆಂಬುದು ಅವನಿಗೆ ತಿಳಿದಿತ್ತು. ಅವನು ಆ ಸರಕುಗಳ ವ್ಯಾಪಾರವನ್ನು ಸರ್ಕಾರದ ಕೈಗೆ ತೆಗೆದುಕೊಂಡು, ಇಂಗ್ಲಿಷರಿಗೆ ಮಾರುವುದನ್ನು ನಿಷೇಧಿಸಿದನು. ಮಸ್ಕತ್ತಿನಲ್ಲಿ ಮೈಸೂರಿನ ಕೋಠಿಯನ್ನು ತೆರೆದನು. ಕಚ್ಛದ ಬಂದರುಗಳಲ್ಲಿಯೂ ಗುಮಾಸ್ತರನ್ನಿಟ್ಟನು. ಯೂರೋಪಿನ ಕಂಪನಿಗಳು ನಮ್ಮ ತೀರದಲ್ಲಿ ಕೋಠಿಗಳನ್ನು ಕಟ್ಟಿದಂತೆ ಮೈಸೂರು ರಾಜ್ಯವು ತಾನೇ ಕಂಪನಿಯಾಗಿ ಪರದೇಶದಲ್ಲಿ ಕೋಠಿ ಕಟ್ಟಿತು! 1792ರ ಸುಮಾರಿಗೆ ಶ್ರೀಗಂಧವು ರಾಜವೃಕ್ಷವೆಂದು ಸಾರಲ್ಪಟ್ಟಿತು. ಯಾರ ಹೊಲದಲ್ಲಿ ಬೆಳೆದರೂ ಆ ಮರ ಅರಸನದು.

ಅದೇ 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವು ಅರ್ಧ ರಾಜ್ಯವನ್ನೂ, ಅದರೊಡನೆ ಮಲಬಾರಿನ ತೀರವನ್ನೂ ಕಳೆದುಕೊಂಡನು. 1799ರಲ್ಲಿ ಪ್ರಾಣವನ್ನೇ ತೆತ್ತನು. ಗಂಧದ ದಾರಿ ಕಂಪನಿಗೆ ತೆರೆಯಿತು. ಆದರೆ ಅದಕ್ಕೆ ಗಂಧ ಏಕೆ ಬೇಕಾಗಿತ್ತು? ಇಂಗ್ಲೆಂಡಿನಲ್ಲಿ ಗಂಧಕ್ಕೆ ಹೆಚ್ಚಿನ ಗಿರಾಕಿ ಇರಲಿಲ್ಲ. ಅಲ್ಲಿ ಜನರಿಗೆ ಬೇಕಾದುದು ಚಹಾ. ಚಹಾ ದೊರೆಯುತ್ತಿದ್ದುದು ಚೀನಾದಲ್ಲಿ. ಪರದೇಶಿಗಳ ಹಡಗುಗಳಿಗೆ ತೆರೆದಿದ್ದ ಏಕೈಕ ಚೀನೀ ಬಂದರು ಕ್ಯಾಂಟನ್. ಚೀನೀಯರು ಇಂಗ್ಲೆಂಡಿನ ಉಣ್ಣೆಬಟ್ಟೆಯನ್ನು ಬಯಸುತ್ತಿರಲಿಲ್ಲ, ಬೆಳ್ಳಿಯನ್ನು ಕೇಳುತ್ತಿದ್ದರು. ಬೆಳ್ಳಿಯನ್ನು ಉಳಿಸಬೇಕಾದರೆ ಚೀನೀಯರು ಒಪ್ಪುವ ಬೇರೆ ಸರಕು ಬೇಕು. ದೇವಾಲಯಗಳಲ್ಲಿ ಧೂಪಹಾಕಲು, ಪೆಟ್ಟಿಗೆ ಬೀಸಣಿಗೆಗಳನ್ನು ಕೆತ್ತಲು ಅವರಿಗೆ ಗಂಧ ಬೇಕಾಗಿತ್ತು. ಹೀಗೆ ಲಂಡನ್ನಿನ ಗೃಹಿಣಿಯ ಚಹಾದ ಬಟ್ಟಲಿಗಾಗಿ ಹೆಗ್ಗಡದೇವನಕೋಟೆಯ ಕಾಡಿನಲ್ಲಿ ಮರ ಉರುಳುತ್ತಿತ್ತು. ಮುಂದೆ ಕಂಪನಿಯು ಗಂಧಕ್ಕಿಂತ ಲಾಭದ ಇನ್ನೊಂದು ಸರಕನ್ನು ಹಿಡಿಯಿತು. ಅದು ಅಫೀಮು. ಆ ಕರಾಳ ಕಥೆ ಬೇರೆ.

ಇದೇ ಕ್ಯಾಂಟನ್ನಿಗೆ ತುಪ್ಪುಳು ಬಂದುದು ಆಕಸ್ಮಿಕವಾಗಿ. 1778ರಲ್ಲಿ ಕ್ಯಾಪ್ಟನ್ ಕುಕ್ಕನ ಹಡಗುಗಳು ಅಮೆರಿಕದ ವಾಯವ್ಯ ತೀರವನ್ನು ಮುಟ್ಟಿದಾಗ, ನಾವಿಕರು ಚಳಿಗೆ ಹೊದೆಯಲೆಂದು ಅಲ್ಲಿಯ ಜನರಿಂದ ಕಡಲ ನೀರುನಾಯಿಯ ತೊಗಲುಗಳನ್ನು ಕೊಂಡಿದ್ದರು. ಮರುವರ್ಷ ಚೀನಾದಲ್ಲಿ ಅವುಗಳಿಗೆ ಬಂದ ಬೆಲೆಯನ್ನು ಕಂಡು ಅವರು ದಂಗಾದರು. ಸುದ್ದಿ ಹಬ್ಬಿತು. 1787ರಲ್ಲಿ ಬಾಸ್ಟನ್ನಿನಿಂದ ಹೊರಟ 'ಕೊಲಂಬಿಯ' ಎಂಬ ಹಡಗು ವಾಯವ್ಯ ತೀರದ ತೊಗಲನ್ನು ಕ್ಯಾಂಟನ್ನಿನಲ್ಲಿ ಮಾರಿ, ಚಹಾ ತುಂಬಿಕೊಂಡು, ಭೂಮಿಯನ್ನು ಒಂದು ಸುತ್ತು ಹಾಕಿ 1790ರಲ್ಲಿ ಊರಿಗೆ ಮರಳಿತು. ಅದರ ಹಿಂದೆ ಹಡಗುಗಳ ಸಾಲೇ ಹೊರಟಿತು. ಒಂದೆರಡು ತಲೆಮಾರುಗಳಲ್ಲಿ ಕಡಲ ನೀರುನಾಯಿ ಬಹುಪಾಲು ಅಳಿಯಿತು. ಅದಕ್ಕೆ ರಾಷ್ಟ್ರಗಳ ಒಪ್ಪಂದದ ರಕ್ಷಣೆ ದೊರೆತದ್ದು 1911ರಲ್ಲಿ.

ತೊಗಲಿನ ಹಡಗುಗಳು ನೀರು ಆಹಾರಗಳಿಗಾಗಿ ಹವಾಯಿ ದ್ವೀಪಗಳಲ್ಲಿ ತಂಗುತ್ತಿದ್ದವು. ಅಲ್ಲಿಯ ಬೆಟ್ಟಗಳಲ್ಲಿ ನಮ್ಮ ಗಂಧದ ಕುಲಕ್ಕೇ ಸೇರಿದ ಮರಗಳು ಬೆಳೆದಿದ್ದವು. ಕಣ್ಣಿಗೆ ಬಿದ್ದ ಮೇಲೆ ವರ್ತಕರು ಬಿಟ್ಟಾರೆಯೇ? ಅಲ್ಲಿಯ ಅರಸನಾದ ಕಮೆಹಮೆಹನು ಟಿಪ್ಪುವಿನಂತೆಯೇ ಗಂಧವನ್ನು ತನ್ನ ಸ್ವಾಮ್ಯವೆಂದು ಸಾರಿದನು. ಜನರು ಹೊಲ ಬಿಟ್ಟು ಬೆಟ್ಟ ಹತ್ತಿದಾಗ ಕ್ಷಾಮ ಬಂದಿತು. ಎಚ್ಚೆತ್ತ ಅರಸನು ಜನರನ್ನು ಬೇಸಾಯಕ್ಕೆ ಮರಳಿಸಿದನು, ಎಳೆಯ ಮರಗಳನ್ನು ಮುಟ್ಟಕೂಡದೆಂದು ಕಟ್ಟಳೆ ಮಾಡಿದನು. ಅವನು 1819ರಲ್ಲಿ ತೀರಿಕೊಂಡ ಮೇಲೆ ಆ ಕಟ್ಟಳೆಯೂ ತೀರಿತು. ನಾಯಕರು ರೇಷ್ಮೆಯನ್ನೂ ಹಡಗುಗಳನ್ನೂ ಸಾಲಕ್ಕೆ ಕೊಂಡು, ಗಂಧದಲ್ಲಿ ತೀರಿಸುವುದಾಗಿ ಬರೆದುಕೊಟ್ಟರು. ಸಾಲ ತೀರಿಸಲು 1826ರಲ್ಲಿ ತೆರಿಗೆ ಬಂದಿತು: ದುಡಿಯಬಲ್ಲ ಪ್ರತಿಯೊಬ್ಬ ಗಂಡಸೂ ಸುಮಾರು 30 ಕಿಲೋಗ್ರಾಂ ಗಂಧವನ್ನಾಗಲಿ ನಾಲ್ಕು ಡಾಲರನ್ನಾಗಲಿ ಒಪ್ಪಿಸಬೇಕು. ಮರ ಎಷ್ಟು ಬೇಕೆಂದು ಅಳೆಯಲು ಹಡಗಿನ ಒಡಲಿನ ಗಾತ್ರಕ್ಕೆ ಸರಿಯಾದ ಗುಂಡಿಗಳನ್ನು ಬೆಟ್ಟದ ಮೇಲೆಯೇ ತೋಡಿದ್ದರು. ಗುಂಡಿ ತುಂಬಿದರೆ ಹಡಗು ತುಂಬಿದಂತೆ. ಆ ಕೊರಡುಗಳನ್ನು ಜನರು ಬೆನ್ನ ಮೇಲೆ ಹೊತ್ತು ಇಳಿಸಿದರು. 1830ರ ಹೊತ್ತಿಗೆ ಕೊಡಲಿಗೆ ಮರ ಸಿಗದಾಯಿತು. ಹಾಗೆ ತೋಡಿದ ಗುಂಡಿಯೊಂದು ಮೊಲೊಕಾಯ್ ದ್ವೀಪದಲ್ಲಿ ಇಂದಿಗೂ ಇದೆ. ಹೊನಲುಲು ನಗರವನ್ನು ಚೀನೀಯರು ಇಂದಿಗೂ ಗಂಧದ ಬೆಟ್ಟವೆಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಾರೆ.

ಬೀವರಿಗೆ ಬಿಡುಗಡೆ ದೊರೆತುದು ಯಾರ ಕರುಣೆಯಿಂದಲೂ ಅಲ್ಲ. 1830ರ ಬಳಿಕ ರೇಷ್ಮೆಯ ಟೊಪ್ಪಿಗೆಯು ಬೆಡಗಾಯಿತು. ತೊಗಲಿನ ಬೆಲೆ ಕುಸಿಯಿತು. ಹಡ್ಸನ್ ಬೇ ಕಂಪನಿಯು ತನ್ನ ಸೀಮೆಯನ್ನು 3 ಲಕ್ಷ ಪೌಂಡಿಗೆ ಬಿಟ್ಟುಕೊಡಲು, ಅದು 1870ರಲ್ಲಿ ಕೆನಡಕ್ಕೆ ಸೇರಿತು. ಆಗಲೂ ಅಲ್ಲಿಯ ಜನರನ್ನು ಕೇಳಿ ಮಾರಿದ್ದಲ್ಲ. ನಮ್ಮಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆ 1858ರಲ್ಲಿಯೇ ಮುಗಿದಿತ್ತು. ಹಡ್ಸನ್ ಬೇ ಕಂಪನಿ ಮಾತ್ರ ಬಟ್ಟೆಬರೆ, ಮನೆಸಾಮಾನುಗಳ ಅಂಗಡಿಯಾಗಿ ಬದುಕಿ, ಸಾಲದ ಹೊರೆಯಿಂದ 2025ರ ಜೂನ್ 1ರಂದು ತನ್ನ ಅಂಗಡಿಗಳ ಬಾಗಿಲನ್ನು ಮುಚ್ಚಿತು. ಸನ್ನದು ದೊರೆತು ಆಗ 355 ವರ್ಷಗಳು ಸಂದಿದ್ದವು. ಬೀವರುಗಳು ಹೊಳೆಗಳಿಗೆ ಮರಳಿ ಒಡ್ಡು ಕಟ್ಟುತ್ತಿವೆ.

ಮೈಸೂರಿನ ಗಂಧಕ್ಕೆ ಅಂಥ ಬಿಡುಗಡೆ ದೊರೆಯಲಿಲ್ಲ, ಏಕೆಂದರೆ ಗಂಧಕ್ಕೆ ಬದಲಿ ಇನ್ನೊಂದಿಲ್ಲ. ಟಿಪ್ಪುವಿನ ಕಟ್ಟಳೆಯನ್ನು ಮುಂದಿನ ಸರ್ಕಾರಗಳು ರದ್ದುಮಾಡಲಿಲ್ಲ. ಆದಾಯದ ಮೂಲವನ್ನು ಯಾರು ತಾನೆ ಕೈಬಿಡುತ್ತಾರೆ? ಕಾಡಿನಲ್ಲಿ ಕಿತ್ತ ಮರವನ್ನು ಸರ್ಕಾರಿ ಗಂಧದ ಕೋಠಿಗಳಿಗೆ ತಂದು, ಬಿಳಿಯ ಭಾಗವನ್ನು ಕೆತ್ತಿ, ತೂಗಿ, ದರ್ಜೆವಾರು ಹರಾಜು ಹಾಕುತ್ತಿದ್ದರು. ಕೊರಡು ಪರದೇಶಕ್ಕೆ ಹೋಗಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಹತ್ತಿಕೊಂಡು ಹಡಗುಗಳು ನಿಂತಾಗ ಕೊರಡುಗಳು ಕೋಠಿಗಳಲ್ಲಿಯೇ ಉಳಿದವು. ಆ ಸಂಕಟವೇ ಒಳ್ಳೆಯದಕ್ಕೆ ದಾರಿಯಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಣ್ಣೆ ಇಳಿಸುವ ಪ್ರಯೋಗಗಳು ನಡೆದವು. 1916ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆಗಳು ಹುಟ್ಟಿದವು. ಕೊರಡನ್ನು ಮಾರುತ್ತಿದ್ದ ನಾಡು ಎಣ್ಣೆಯನ್ನು ಮಾರತೊಡಗಿತು. 1918ರಲ್ಲಿ ಸಾಬೂನನ್ನೂ ಮಾಡಿತು. ಹಡ್ಸನ್ ಕೊಲ್ಲಿಯ ಜನರಿಗೆ ಟೊಪ್ಪಿಗೆಯ ಕಾರ್ಖಾನೆ ಎಂದೂ ದೊರೆಯಲಿಲ್ಲ ಎಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ.

ಆದರೆ ಹೊಲದ ಬದುವಿನಲ್ಲಿ ನಿಂತ ಮರದ ಕಥೆ ಬದಲಾಗಲಿಲ್ಲ. ನಂಜನಗೂಡಿನದೋ ಚಾಮರಾಜನಗರದದೋ ಒಬ್ಬ ರೈತನ ಬದುವಿನಲ್ಲಿ ಹಕ್ಕಿಯೊಂದು ಗಂಧದ ಬೀಜವನ್ನು ಬೀಳಿಸಿತೆಂದು ತಿಳಿಯೋಣ. ಸಸಿ ಮೊಳೆತರೆ ಅವನಿಗೆ ಆನಂದವಾಗಬೇಕಾಗಿತ್ತು, ಭಯವಾಗುತ್ತಿತ್ತು. ಮರ ಸರ್ಕಾರದ್ದು, ಕಾವಲಿನ ಹೊಣೆ ಮಾತ್ರ ಅವನದು. ಕಳ್ಳರು ರಾತ್ರಿ ಬಂದು ಕಡಿದರೆ ಬೆಳಗ್ಗೆ ವಿಚಾರಣೆಗೆ ನಿಲ್ಲಬೇಕಾದವನು ಅವನೇ. ಆದುದರಿಂದ ಎಷ್ಟೋ ಮಂದಿ ರೈತರು ಸಸಿ ಬೆರಳುದ್ದವಿರುವಾಗಲೇ ಕಿತ್ತೆಸೆದು ನೆಮ್ಮದಿಯ ಉಸಿರುಬಿಟ್ಟರು. ಮರವನ್ನು ಕಾಪಾಡಲೆಂದು ಮಾಡಿದ ಕಟ್ಟಳೆಯೇ ಮರಕ್ಕೆ ಮೃತ್ಯುವಾಯಿತು. ಸಾಲದುದಕ್ಕೆ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೊಡಗಿನಲ್ಲಿ ಕಾಣಿಸಿಕೊಂಡ ಸ್ಪೈಕ್ ಎಂಬ ರೋಗವು ಎಲೆಗಳನ್ನು ಸಣ್ಣದಾಗಿಸಿ, ರೆಂಬೆಗಳನ್ನು ಮುಳ್ಳಿನ ಕಡ್ಡಿಗಳಂತೆ ಮಾಡಿ, ಲಕ್ಷಾಂತರ ಮರಗಳನ್ನು ಕೊಂದಿತು. ಬೆಲೆ ಏರಿದಂತೆ ಕಳ್ಳಸಾಗಣೆಯೂ ಬೆಳೆಯಿತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕೊಳ್ಳೇಗಾಲ, ಮಲೆಮಹದೇಶ್ವರ ಬೆಟ್ಟದ ಕಾಡುಗಳಲ್ಲಿ ಗಂಧ ಕಾಯಹೋದ ಅರಣ್ಯ ಸಿಬ್ಬಂದಿಯೂ ಪೊಲೀಸರೂ ಪ್ರಾಣ ತೆತ್ತರು.

2001ರಲ್ಲಿ ಕರ್ನಾಟಕ ಸರ್ಕಾರವು ಅರಣ್ಯ ಕಾಯಿದೆಯನ್ನು ತಿದ್ದಿ, ಹಿಡುವಳಿ ಜಮೀನಿನಲ್ಲಿ ಬೆಳೆದ ಗಂಧದ ಮರವು ಜಮೀನಿನವನಿಗೇ ಸೇರಿದ್ದೆಂದು ಒಪ್ಪಿತು. ಟಿಪ್ಪುವಿನ ಕಾಲದಿಂದ ಇನ್ನೂರು ವರ್ಷಗಳಿಗೂ ಮಿಗಿಲಾಗಿ ಅರಸರದೂ ಸರ್ಕಾರದ್ದೂ ಆಗಿದ್ದ ಮರ ಮೊದಲ ಬಾರಿಗೆ ರೈತನದಾಯಿತು. ಈಗ ಮೈಸೂರು, ಚಾಮರಾಜನಗರದ ಸೀಮೆಗಳಲ್ಲಿಯೂ ಗಂಧವನ್ನು ಸಾಲುಸಾಲಾಗಿ ನೆಟ್ಟ ತೋಟಗಳಿವೆ. ಸಸಿಯ ಪಕ್ಕದಲ್ಲಿ ತೊಗರಿಯನ್ನೋ ಹೆಬ್ಬೇವನ್ನೋ ನೆಡುತ್ತಾರೆ. ಅದರ ಬೇರಿಗೆ ಗಂಧದ ಬೇರು ಕೈಚಾಚುತ್ತದೆ. ಕಳ್ಳರ ಭಯ ಹೋಗಿಲ್ಲ. ಸುತ್ತ ತಂತಿಬೇಲಿ ಇರುತ್ತದೆ, ರಾತ್ರಿ ಕಾವಲೂ ಇರುತ್ತದೆ. ಇಂದು ನೆಟ್ಟ ಸಸಿಯಲ್ಲಿ ಚೇಗು ಬಲಿಯಲು ಇನ್ನೂ ಮೂವತ್ತು ವರ್ಷ ಬೇಕು. ಅದನ್ನು ಅಗೆದು ತೆಗೆಯುವ ಹೊತ್ತಿಗೆ, ನೆಟ್ಟವನ ಪಕ್ಕದಲ್ಲಿ ನೀರಿನ ಕೊಡ ಹಿಡಿದು ನಿಂತಿರುವ ಹುಡುಗನಿಗೆ ನಲವತ್ತೈದು ವಯಸ್ಸು ದಾಟಿರುತ್ತದೆ.